ನೀರ ಪರದೆಯ ಎಡಗಡೆ

ಮೇ ೨, ಗುರುವಾರ

ಮಾನ್ಯ ಮಹಾಜನಗಳೇ! ತಾಯಂದಿರೇ, ತಂದೆಗಳೇ! ಮೂರನೇ ಬೆಲ್ಲಾಯಿತು, ಪರದೆ ಏಳುತ್ತಿದೆ, ಎಲೆಯಡಿಕೆಯವರು ಉಗುಳಿ ಬಂದು ಕುಳಿತುಕೊಳ್ಳಿ!

ಮಹಾಜನರೆಂದರೆ ಸದ್ಯಕ್ಕೆ ನಾನೊಬ್ಬನೇ. ಗೊಬ್ಬರದಂಗಡಿಯವನು ಜನವರಿಯಲ್ಲಿ ಪುಕ್ಕಟೆ ಕೊಟ್ಟ ಡೈರಿ ಇದು. ಈವರೆಗೆ ಹೆಂಡತಿ ತಂಗೆವ್ವ ಇದರ ಮೇಲೆ ಒಗ್ಗರಣೆ ಡಬ್ಬಿ ಇಡುತ್ತಿದ್ದಳು. ಇಂದು ಇದು ರಂಗಭೂಮಿ! ಬರೆಯುತ್ತಿರುವವನು ಯಾರು? ಕಂಪನಿ ರಾಮಲಿಂಗಪ್ಪ! ತಾಯಿ ರಂಗದ ಮೇಲೆ ಅಳುತ್ತಿದ್ದಾಗ ಪರದೆಯ ಹಿಂದೆ ಬಣ್ಣದ ಪೆಟ್ಟಿಗೆಯಲ್ಲಿ ಮಲಗಿ ಬೆಳೆದವನು. ಹಾಲಿಗಿಂತ ಮೊದಲು ಹಾರ್ಮೋನಿಯಂ ಕುಡಿದವನು. ನಾಟಕ ಕಂಪನಿ ಮುಳುಗಿದ ಮೇಲೆ ಆಟೋಕ್ಕೆ ಮೈಕು ಕಟ್ಟಿಕೊಂಡು ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗದ ಓಣಿ ಓಣಿಗಳಲ್ಲಿ ಸರ್ಕಸ್ಸು, ಸೀರೆ ಸೇಲು, ಸತ್ತವರ ಸುದ್ದಿ ಸಾರಿದವನು. ಈ ಗಂಟಲಿಗೆ ಎದ್ದು ಕೂರದ ಮಗುವಿಲ್ಲ, ಬೊಗಳದ ನಾಯಿಯಿಲ್ಲ!

ಬರೆಯುವುದೇಕೆ? ಇಷ್ಟು ವರ್ಷ ದಿನದ ಸುದ್ದಿಯನ್ನೆಲ್ಲ ಸಂಜೆ ಮೀರಾಸಾಬನ ಮನೆಯ ಕಟ್ಟೆಯ ಮೇಲೆ ಕೂತು ಅವನ ಕಿವಿಗೆ ಸುರಿಯುತ್ತಿದ್ದೆ. ಅವನು ಹೂಂ ಅನ್ನುತ್ತಿದ್ದ, ನನ್ನ ಎದೆ ಹಗುರಾಗುತ್ತಿತ್ತು. ಈಗೀಗ ಸುರಿದದ್ದು ಅಲ್ಲಿ ನಿಲ್ಲುತ್ತಿಲ್ಲ. ಇಂದು, ಮಗಳು ರಂಜನಾ ರಾಮದುರ್ಗದಿಂದ ಮೊಮ್ಮಗನನ್ನು ಕರೆದುಕೊಂಡು ಬೇಸಿಗೆ ಸೂಟಿಗೆ ಬಂದ ಸುದ್ದಿ ಹೇಳಿದೆ. ಹೂಂ ಅಂದ. ಚಹಾ ಬಂತು. "ರಂಜನಾ ಯಾವಾಗ ಬರ್ತಾಳೋ?" ಅಂದ. ಮತ್ತೆ ಹೇಳಿದೆ. ಕಪ್ಪು ಕೆಳಗಿಟ್ಟು, "ರಂಜನಾ ಬರಾಕಿ ಅಂದಿದ್ದೆಲ್ಲ?" ಅಂದ.

ಅವನ ಹೆಂಡತಿ ದಿಲಶಾದಬಿ ಬಾಗಿಲ ಪರದೆ ಸರಿಸಿ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು: "ಅಣ್ಣಾರ, ಡಾಕ್ಟರ ಮರವಿನ ಬ್ಯಾನಿ ಅಂದಾರ್ರಿ. ಇದು ಹೆಚ್ಚಾಗೂದಂತ, ಕಡಿಮಿ ಆಗೂದಲ್ಲಂತ."

ಛೇ ಛೇ ಛೇ! ಡಾಕ್ಟರನಿಗೆ ರಂಗಭೂಮಿಯ ಗಂಧ ಗೊತ್ತೆ? ಮೀರಾಸಾಬ ಕಂಪನಿಯ ಪ್ರಾಂಪ್ಟರ್! ನಾವು ನಟರು ಮಾತು ತಪ್ಪಿದಾಗ ಮರೆಯಲ್ಲಿ ನಿಂತು ಮಾತು ಹಿಡಿಸುತ್ತಿದ್ದವನು. ಕಂಪನಿಯ ಅಷ್ಟೂ ನಾಟಕ, ಅಷ್ಟೂ ಪಾತ್ರ ಅವನ ನಾಲಿಗೆಯ ತುದಿಯಲ್ಲಿ. ಅವನು ಮರೆಯುವುದೆಂದರೆ ಆನೆ ಸೊಂಡಿಲು ಮರೆತ ಹಾಗೆ. ನಾಟಕ ಮಾಡುತ್ತಾನೆ ಮುದುಕ!

ಮೇ ೬, ಸೋಮವಾರ

ಸಾಕ್ಷಿ ಸಿಕ್ಕಿತು! ಡಾಕ್ಟರ್ ಮಹಾಶಯರೇ, ಕೇಳಿಸಿಕೊಳ್ಳಿ!

ಇಂದು ಮಧ್ಯಾಹ್ನ ಓಣಿಯಲ್ಲಿ ಐಸ್‌ಕ್ಯಾಂಡಿ ಗಾಡಿಯವನು ಬಂದ. ಗಂಟೆ ಬಾರಿಸಿದ, ಒಂದು, ಎರಡು, ಮೂರು. ಕಟ್ಟೆಯ ಮೇಲೆ ತೂಕಡಿಸುತ್ತಿದ್ದ ಮೀರಾ ಬಾಣದಂತೆ ಎದ್ದ. ಗೂಟದ ಮೇಲಿದ್ದ ಕರಿ ಶಾಲು ತಲೆಯ ಮೇಲೆ ಎಳೆದುಕೊಂಡ. ನಡುಮನೆಯ ಬಾಗಿಲಿನ ಹಸಿರು ಪರದೆಯ ಎಡಗಡೆ ಹೋಗಿ ಗೋಡೆಗೆ ಅಂಟಿ ನಿಂತ.

ಕಂಪನಿಯಲ್ಲಿ ಇದೇ ಪದ್ಧತಿ. ಮೂರನೇ ಬೆಲ್ಲಿಗೆ ಪರದೆ ಏಳುವ ಮುಂಚೆ ಪ್ರಾಂಪ್ಟರ್ ರಂಗದ ಎಡಗಡೆಯ ಮರೆಯಲ್ಲಿರಬೇಕು. ಬೆಳಕಿಗೆ ಕಾಣದಂತೆ ಕರಿ ಶಾಲು ಹೊದ್ದಿರಬೇಕು. ಏನೆಂದೆ? ಕಲೆ ರಕ್ತದಲ್ಲಿದೆ! ನಾನೂ ಬಿಡುವವನೇ? ಕಟ್ಟೆಯ ಮೇಲೆ ಎದ್ದು ನಿಂತು ಒಂದು ಹಳೆಯ ಮಾತು ಹೊಡೆದೆ. ಐಸ್‌ಕ್ಯಾಂಡಿ ತಿನ್ನುವ ಹುಡುಗರೆಲ್ಲ ಸೇರಿದರು. ಚಪ್ಪಾಳೆ! ಮೀರಾನ ಮೊಮ್ಮಗಳು ಮೆಹೆರಾಜ ಕುಣಿದಾಡಿದಳು.

ದಿಲಶಾದಬಿ ಮಾತ್ರ ನಗಲಿಲ್ಲ. "ಅಣ್ಣಾರ, ನಿನ್ನಿ ಗ್ಯಾಸಿನ ಗಾಡಿ ಬಂದಾಗೂ ಹಿಂಗ ನಿಂತಿದ್ರು. ಊಟಕ್ಕ ಕರದ್ರೂ ಬರಲಿಲ್ರಿ. ನಾಟಕ ಮುಗಿದಿಲ್ಲ ಅಂತಾರ."

"ಮುಗಿದಿಲ್ಲ ಅಂದ್ರ ಮುಗಿದಿಲ್ಲವ್ವಾ!" ಅಂದೆ.

ಮೇ ೯, ಗುರುವಾರ

ಸುವರ್ಣಾಕ್ಷರಗಳಲ್ಲಿ ಬರೆಯಬೇಕಾದ ದಿನ! ಚಚಡಿಯಿಂದ ಭೀಮಶಿ ಬಂದಿದ್ದ. ಅಲ್ಲಿನ ತರುಣರ ಸಂಘದ ಮುಖಂಡ. ಬಿತ್ತನೆಗೆ ಮೊದಲು, ಜೂನ್ ಒಂದಕ್ಕೆ, ವಾಡೆಯ ಮುಂದಿನ ಬಯಲಲ್ಲಿ ನಮ್ಮ ಕಂಪನಿಯ ಹಳೆಯ ನಾಟಕವೊಂದನ್ನು ಆಡುತ್ತಾರಂತೆ. ವೃದ್ಧ ಮಹಾರಾಜನ ಪಾತ್ರ ನಾನೇ ಮಾಡಬೇಕಂತೆ.

"ನಿಮ್ಮ ದನಿಗೆ ಮೈಕ್ ಬ್ಯಾಡ್ರಿ ಅಜ್ಜಾರ," ಅಂದ. ಜಾಣ ಹುಡುಗ.

"ಒಂದು ಕರಾರು," ಅಂದೆ. "ಪ್ರಾಂಪ್ಟರ್ ನಮ್ಮ ಮೀರಾಸಾಬ. ಇಲ್ಲಾಂದ್ರ ರಾಜಾನೂ ಇಲ್ಲ, ರಾಜ್ಯಾನೂ ಇಲ್ಲ."

ಇಲ್ಲಿ ಒಂದು ಸತ್ಯ ಬರೆದಿಡಬೇಕು; ಓದುವವನು ನಾನೊಬ್ಬನೇ ಅಲ್ಲವೆ. ನಾನು ಯಾವ ಪಾತ್ರವನ್ನೂ ಬಾಯಿಪಾಠ ಮಾಡಿದವನಲ್ಲ. ಮಾಡುವ ಜರೂರಿಯೇ ಬೀಳಲಿಲ್ಲ. ರಂಗಕ್ಕೆ ಕಾಲಿಡುವ ಮೊದಲು ಎಡಕ್ಕೆ ನೋಡುತ್ತಿದ್ದೆ. ಕತ್ತಲಲ್ಲಿ ಕರಿ ಶಾಲು. "ಹೋಗು, ನಾ ಅದೇನಿ," ಅನ್ನುತ್ತಿದ್ದ. ಅಷ್ಟೇ. ಸಿಂಹದ ಹಾಗೆ ನುಗ್ಗುತ್ತಿದ್ದೆ. ಎಲ್ಲಿ ಉಸಿರು ತಪ್ಪುತ್ತದೋ ಅಲ್ಲಿ, ತಪ್ಪುವ ಅರ್ಧ ಗಳಿಗೆ ಮುಂಚೆ, ಒಂದೇ ಒಂದು ಶಬ್ದ ಬಂದು ಕಿವಿಯಲ್ಲಿ ಕೂಡುತ್ತಿತ್ತು. "ಮೊದಲ ಶಬ್ದ ಅಷ್ಟ ಕೊಡಬೇಕೋ ರಾಮಣ್ಣ," ಅನ್ನುತ್ತಿದ್ದ. "ಉಳಿದದ್ದು ನಟಂದು. ಪೂರಾ ಕೊಟ್ರ ಅಂವಾ ನಟ ಅಲ್ಲ, ಗಿಣಿ." ಕರಪತ್ರದಲ್ಲಿ ನನ್ನ ಹೆಸರು ಹಲಸಿನ ಹಣ್ಣಿನಷ್ಟು ದೊಡ್ಡದು ಇರುತ್ತಿತ್ತು. ಅವನದು ಇರುತ್ತಿರಲಿಲ್ಲ. ಪ್ರಾಂಪ್ಟರನ ಹೆಸರು ಹಾಕುವ ರೂಢಿಯಿಲ್ಲ.

ಸಂಜೆ ಸುದ್ದಿ ಹೇಳಿದೆ. ಅವನ ಕಣ್ಣು ಮಿಂಚಿದವು. ರಾಜನ ಮಾತು ಶುರು ಮಾಡಿದೆ: "ಹೇ ಮಂತ್ರಿ! ರಾಜನ ಕಿರೀಟಕ್ಕೆ ನವರತ್ನಗಳುಂಟು, ರಾಜನ ಖಡ್ಗಕ್ಕೆ ಸಾಣೆಯುಂಟು, ರಾಜನ ಕಣ್ಣೀರಿಗೆ..." ನಿಂತೆ.

"ಕತ್ತಲೆ," ಅಂದ ಮೀರಾ.

"...ರಾಜನ ಕಣ್ಣೀರಿಗೆ ಮಾತ್ರ ಕತ್ತಲೆಯೇ ಸೆರಗು!"

ಎಲ್ಲಿದೆ ಬ್ಯಾನಿ? ಎಲ್ಲಿ?

ಮೇ ೧೫, ಬುಧವಾರ

ಮೀರಾನ ಮಗ ಮುಜಫ್ಫರ ಕ್ರೂಸರ್ ಓಡಿಸುತ್ತಾನೆ. ಮದುವೆ ಸೀಜನ್ ಮುಗಿಯಿತು, ರವಿವಾರ ಗಾಡಿ ಖಾಲಿಯಿದೆ. ಕಿತ್ತೂರಿನ ಆಚೆ ಹೆದ್ದಾರಿಯ ಮಗ್ಗುಲಿಗೆ ಹೊಸದೊಂದು ವಾಟರ್ ಪಾರ್ಕ್ ಆಗಿದೆಯಂತೆ. ಮೆಹೆರಾಜಳಿಗೂ ನಮ್ಮ ರಂಜನಾಳ ಮಗ ಶಿವಲಿಂಗನಿಗೂ ಅದರದೇ ಜಪ. ಎರಡೂ ಮನೆಯವರು ಕೂಡಿ ಹೋಗುವುದು ಎಂದಾಯಿತು.

"ಅಬ್ಬಾನ್ನ ಒಬ್ಬರ ನೋಡ್ಕೋಬೇಕು ಕಾಕಾ," ಅಂದ ಮುಜಫ್ಫರ. "ಮಂದ್ಯಾಗ ಗಾಬರಿ ಆಗ್ತಾರ. ಇಲ್ಲಾಂದ್ರ ನಾನೂ ಅವರೂ ಮನ್ಯಾಗ ಇರ್ತೇವಿ, ನೀವು ಹೋಗಿಬರ್ರಿ."

ಎದೆ ತಟ್ಟಿದೆ. ಬರೀ ತಟ್ಟಲಿಲ್ಲ, ಓಣಿಗೆಲ್ಲ ಕೇಳುವಂತೆ ತಟ್ಟಿದೆ. "ಈ ರಾಮಲಿಂಗಪ್ಪ ಇರೋತನಕ ನಿಮ್ಮಪ್ಪನ ಒಂದು ಕೂದಲೂ ಕೊಂಕೂದಿಲ್ಲ! ಆಣಿ!"

ಒಳಗಿನಿಂದ ತಂಗೆವ್ವ: "ಆಣಿ ಮಾಡ್ಯಾರ. ಇನ್ನ ದೇವರ ಕಾಯಬೇಕು."

ನನ್ನ ಹೆಂಡತಿಗೆ ವೀರರಸದ ರುಚಿಯಿಲ್ಲ.

ಮೇ ೧೯, ರವಿವಾರ

ಇಂದು ಬರೆಯಲಾರೆ.

ಮೇ ೨೦, ಸೋಮವಾರ

ಬರೆಯಬೇಕು. ಇನ್ನಾರಿಗೆ ಹೇಳಲಿ?

ಬೆಳಗ್ಗೆ ಎಲ್ಲ ಸಡಗರವೇ. ತಂಗೆವ್ವನ ಜೋಳದ ರೊಟ್ಟಿ, ಶೇಂಗಾ ಚಟ್ನಿ, ದಿಲಶಾದಬಿಯ ಮೊಟ್ಟೆ ಪಲ್ಯ, ಮೊಸರಿನ ಡಬ್ಬಿ. ಪಾರ್ಕಿನ ಬಾಗಿಲಲ್ಲಿ ಹೊರಗಿನ ಊಟ ಬಿಡುವುದಿಲ್ಲವೆಂದರು. ಕ್ರೂಸರಿನ ನೆರಳಿನಲ್ಲೇ ಚಾಪೆ ಹಾಸಿ, ಹಸಿವಿರಲಿ ಬಿಡಲಿ, ಎಲ್ಲರೂ ಉಂಡು ಒಳಗೆ ಹೋದೆವು. ಪಂಚೆ ಉಟ್ಟು ನೀರಿಗಿಳಿಯುವಂತಿಲ್ಲ, ನೈಲಾನ್ ಚಡ್ಡಿಯೇ ಆಗಬೇಕು. ಮಹಾರಾಜನಿಗೆ ಹಳದಿ ಹೂವಿನ ಬಾಡಿಗೆ ಚಡ್ಡಿ! ಮೀರಾ ನನ್ನನ್ನು ನೋಡಿ, "ಇದ್ಯಾವ ಸೀನಿನ ಡ್ರೆಸ್ಸೋ?" ಅಂದ. ಎಲ್ಲರೂ ನಕ್ಕೆವು. ಅವನೂ ನಕ್ಕ. ಅದನ್ನು ಬರೆದಿಡಬೇಕು. ನಿನ್ನೆ ಮಧ್ಯಾಹ್ನದವರೆಗೂ ಅವನು ನಕ್ಕಿದ್ದ.

ಮುಜಫ್ಫರ ಮಕ್ಕಳನ್ನು ಜಾರುಬಂಡೆಗೆ ಕರೆದುಕೊಂಡು ಹೋದ. ಹೆಂಗಸರು ಸಣ್ಣ ಮಕ್ಕಳ ಹೊಂಡದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ನಾವಿಬ್ಬರೂ ಅಲೆಗಳ ದೊಡ್ಡ ಹೊಂಡದ ಈಚೆ ಕುರ್ಚಿ ಹಾಕಿಕೊಂಡೆವು. ಆ ಹೊಂಡದ ಪಕ್ಕ ಇನ್ನೊಂದು ಕಿರುಹೊಂಡ, ಸೊಂಟಮಟ್ಟದ ನೀರು; ಅದರ ಆಚೆ ಸಿಮೆಂಟಿನ ಗುಡ್ಡ; ಗುಡ್ಡದ ಮೇಲಿನಿಂದ ನೀರು ಅಗಲವಾಗಿ, ಸೀರೆ ಹರವಿದ ಹಾಗೆ ಬೀಳುತ್ತಿತ್ತು.

ನಮ್ಮ ಬೆನ್ನಿಗೆ ಮೈಕಿನ ತರುಣನೊಬ್ಬ ಜನರನ್ನು ಕುಣಿಸುತ್ತಿದ್ದ. ಹಾಡು ನಿಲ್ಲಿಸಿ, "ಡೈಲಾಗ್ ಹೇಳೋರು ಯಾರಾದ್ರೂ ಅದೀರೇನ್ರಿ?" ಅಂದ.

ಮೈಕು ನನ್ನ ಪಾಲಿಗೆ ಹೆಂಡ. ನನ್ನ ಕಾಲು ನನ್ನನ್ನು ಕೇಳಲಿಲ್ಲ. "ಮೀರಾ, ಇಲ್ಲೇ ಕುಂದರ. ಎರಡ ಮಾತ ಹೇಳಿ ಬರ್ತೇನಿ," ಅಂದೆ.

"ಹೋಗು, ನಾ ಅದೇನಿ," ಅಂದ.

ಅದನ್ನು ಕೇಳಿ ನನಗೆ ಖುಷಿಯಾಯಿತು. ಅನುಮತಿ ಸಿಕ್ಕಂತೆ ಹೋದೆ.

ಮೈಕು ಹಿಡಿದೆ. ಜನ ಸೇರಿದರು, ಒದ್ದೆ ಮೈಯ ಜನ, ಮೊಬೈಲು ಎತ್ತಿದ ಜನ. ಅಷ್ಟರಲ್ಲಿ ಅಲೆಗಳ ಹೊಂಡದ ಕಡೆ ಗಂಟೆ ಹೊಡೆಯಿತು. ಅಲೆ ಬಿಡುವ ಮೊದಲು ಮೂರು ಸಲ ಬಾರಿಸುತ್ತಾರೆ. ಕೇಳಿದೆ. ಕೇಳಿಯೂ ನನಗೇನೂ ಅನ್ನಿಸಲಿಲ್ಲ. ಅಲ್ಲ, ಅನ್ನಿಸಿತು: ಆಹಾ, ನನಗೇ ಬೆಲ್ ಕೊಟ್ಟರು ಎಂದು ಅನ್ನಿಸಿತು.

"ರಾಜನ ಕಿರೀಟಕ್ಕೆ ನವರತ್ನಗಳುಂಟು! ರಾಜನ ಖಡ್ಗಕ್ಕೆ ಸಾಣೆಯುಂಟು! ರಾಜನ ಕಣ್ಣೀರಿಗೆ..."

ಮಾತು ನಿಂತಿತು. ರೂಢಿಯಂತೆ ಎಡಕ್ಕೆ ತಿರುಗಿದೆ. ಕುರ್ಚಿ ಖಾಲಿಯಿತ್ತು.

ಆಮೇಲಿನದು ಒಂದರ ಮೇಲೊಂದು ಬಿದ್ದಂತೆ ನೆನಪಿದೆ. ಮುಜಫ್ಫರ ಓಡಿ ಬಂದ. ದಿಲಶಾದಬಿ ಅಲೆಗಳ ಹೊಂಡದ ಅಂಚಿನಲ್ಲಿ ನಿಂತು ಎದೆ ಎದೆ ಬಡಿದುಕೊಂಡಳು. ಕಾವಲಿನ ಹುಡುಗರು ಸೀಟಿ ಊದಿ ಅಲೆ ನಿಲ್ಲಿಸಿ, ನೀರಿಗೆ ಧುಮುಕಿ ತಡಕಿದರು. ನಾನೇನು ಮಾಡಿದೆ? ನನಗೆ ಬರುವುದು ಒಂದೇ. ಮೈಕು ಬಿಡಲಿಲ್ಲ. ಕಳೆದುಹೋದ ಎಷ್ಟು ಮಕ್ಕಳನ್ನು ಈ ಗಂಟಲಿನಿಂದ ತಾಯಂದಿರಿಗೆ ಕೂಡಿಸಿದ್ದೇನೆ! "ಮೀರಾಸಾಬ! ಬೈಲಹೊಂಗಲದ ಮೀರಾಸಾಬ! ಎಲ್ಲಿದ್ದರೂ ಬಾ! ರಾಮಣ್ಣ ಕರೆಯುತ್ತಿದ್ದಾನೆ, ಬಾ!" ಇಡೀ ಪಾರ್ಕು ನಡುಗಿತು. ಯಾರೂ ಬರಲಿಲ್ಲ. ಇನ್ನೂ ಜೋರು ಮಾಡಿದೆ.

ಕಡೆಗೆ ತಂಗೆವ್ವ ಬಂದು ಮೈಕನ್ನು ಕಿತ್ತುಕೊಂಡಳು. "ಬಾಯಿ ಮುಚ್ಚರಿ ಒಂದೀಟ! ನಿಮ್ಮ ದನಿ ಕೇಳೂತನಕ ಅಂವಾ ನಿಂತ ಜಾಗಾ ಬಿಡ್ತಾನೇನು? ಮೂವತ್ತ ವರ್ಷ ಬಿಟ್ಟಿಲ್ಲ, ಈಗ ಬಿಡ್ತಾನ? ನೀವ್ ಸುಮ್ಮನಾದ್ರ ಬಂದಾನು."

ಸುಮ್ಮನಾದೆ. ಹಾಡೂ ನಿಂತಿತ್ತು. ನೀರು ಬೀಳುವ ಸದ್ದೊಂದೇ.

ಬೀಳುವ ನೀರಿನ ಪರದೆ ಎಡಗಡೆ ಅಲುಗಿತು. ಅದನ್ನು ಸರಿಸಿಕೊಂಡು ಮೀರಾ ಹೊರಗೆ ಬಂದ. ಯಾರದೋ ಕರಿ ಟವೆಲ್ಲು ತಲೆಯ ಮೇಲೆ ಹೊದ್ದಿದ್ದ. ನೀರಿನ ಹಿಂದಿನ ಕತ್ತಲೆ ಸಂದಿಯಲ್ಲಿ, ಪಾಚಿಯ ಮೇಲೆ, ಇಷ್ಟು ಹೊತ್ತು ನಿಂತಿದ್ದ. ತುಟಿ ನೀಲಿಯಾಗಿತ್ತು. ನನ್ನನ್ನು ಕಂಡ. ಒಂದು ಹೆಜ್ಜೆ ಮುಂದಿಟ್ಟ. ಕಾಲು ಜಾರಿತು. ಸಿಮೆಂಟಿನ ಅಂಚು ಹಣೆಗೆ ಬಡಿದು, ಮುಖ ಅಡಿಯಾಗಿ ನೀರಿಗೆ ಬಿದ್ದ.

ಮುಜಫ್ಫರನೂ ಕಾವಲಿನವನೂ ಎತ್ತಿ ತಂದರು. ನೀರು ಕಾರಿದ. ಹಣೆಯ ರಕ್ತ ಗಡ್ಡಕ್ಕೆ ಇಳಿಯುತ್ತಿತ್ತು. ಅವನ ಕಣ್ಣು ನನ್ನ ಮೇಲೆಯೇ ಇತ್ತು.

"ಕತ್ತಲೆ ಅಂತ ಕೊಟ್ಟೆ," ಅಂದ. "ಎಷ್ಟ ಸಲ ಕೊಟ್ಟೆ. ನೀ ಹಿಡೀಲಿಲ್ಲ."

ಮೇ ೨೩, ಗುರುವಾರ

ಹಣೆಗೆ ಹೊಲಿಗೆ ಬಿದ್ದಿವೆ. ಎದೆಯಲ್ಲಿ ನೀರಿನ ನಂಜು, ಜ್ವರ. ನಮ್ಮೂರಿನ ದವಾಖಾನೆಯಲ್ಲೇ ಇಟ್ಟುಕೊಂಡಿದ್ದಾರೆ. ಇಂದು ಒಳಗೆ ಹೋದೆ. ಮಲಗಿದ್ದವನು ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡ.

ಮುಜಫ್ಫರ ಹೊರಗಿನ ಬೇವಿನ ಗಿಡದ ಕೆಳಗೆ ನಿಂತಿದ್ದ. ನಾನು ಮೊದಲೇ ತಯಾರಿ ಮಾಡಿಕೊಂಡು ಹೋಗಿದ್ದೆ, ಒಳ್ಳೆಯ ಮಾತುಗಳು. "ಮಗನೇ, ಈ ಪಾಪಿಯ ತಲೆಯ ಮೇಲೆ ಸಿಡಿಲು..." ಎಂದು ಶುರು ಮಾಡಿದೆ.

"ಡೈಲಾಗ್ ಬ್ಯಾಡ್ರಿ ಕಾಕಾ," ಅಂದ. ಗದರಲಿಲ್ಲ. ಅದೇ ಕಷ್ಟವಾಯಿತು. "ನಿಮ್ಮ ಕೈಯಾಗ ಕೊಟ್ಟು ಹೋಗಿದ್ನೆಲ್ಲ. ಸಣ್ಣಾವಿದ್ದಾಗಿಂದ ನೋಡೇನಿ, ಅಬ್ಬಾ ಜೀವನಾ ಪೂರಾ ನಿಮ್ಮನ್ನ ನೋಡ್ಕೊಂಡ ನಿಂತ್ರು. ನೀವು ಅವರ್ನ ಒಂದ ತಾಸು ನೋಡಲಿಲ್ರಿ. ಇನ್ನ ಅವರು ಮನ್ಯಾಗ ಇರ್ಲಿ. ನೀವು ಬರೂದ ಬ್ಯಾಡ. ನಿಮ್ಮ ದನಿ ಕೇಳಿದ್ರ ಮತ್ತ ಎದ್ದ ನಿಂದರ್ತಾರ."

ಎಡಕ್ಕೆ ನೋಡಿದೆ. ಸೈಕಲ್ಲುಗಳು ನಿಂತಿದ್ದವು.

ಮೇ ೨೭, ಸೋಮವಾರ

ಮನೆಗೆ ಕರೆತಂದಿದ್ದಾರೆ. ಅವರ ಓಣಿಯಲ್ಲಿ ಹಾದುಹೋದೆ. ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ನಾಯಿ ಮಲಗಿತ್ತು.

ಮೇ ೩೦, ಗುರುವಾರ

ಚಚಡಿಗೆ ತಾಲೀಮಿಗೆ ಹೋಗಿದ್ದೆ. ರಾಜನ ಮೊದಲ ಪ್ರವೇಶಕ್ಕೇ ಮಾತು ತಪ್ಪಿ ನಿಂತೆ. ಎರಡನೆಯದಕ್ಕೂ ನಿಂತೆ. ಪುಸ್ತಕ ಹಿಡಿದ ಹುಡುಗ ಸಾಲಿಗೆ ಸಾಲು ಓದಿ ಒಪ್ಪಿಸಿದ. ಅವನ ಹಿಂದೆ ನಾನೂ ಒಪ್ಪಿಸಿದೆ, ಸಾಲಿಯ ಮಕ್ಕಳ ಹಾಗೆ.

"ದಣದೀರ್ರಿ ಅಜ್ಜಾರ," ಅಂದ ಭೀಮಶಿ.

ರಾಜನ ಪಾತ್ರವನ್ನು ಅವನೇ ಮಾಡಲಿ ಎಂದೆ. ಅವನಿಗೆ ಎಲ್ಲ ಮಾತೂ ಬರುತ್ತದೆ. ನಾನು ಎಡಗಡೆ ನಿಲ್ಲುತ್ತೇನೆ ಎಂದೆ. ಗಂಟಲು ಸರಿಯಿಲ್ಲ ಎಂದು ಕಾರಣ ಕೊಟ್ಟೆ.

ಜೂನ್ ೨, ರವಿವಾರ

ನಿನ್ನೆ ನಾಟಕವಾಯಿತು. ನಾನು ಪ್ರಾಂಪ್ಟ್ ಮಾಡಿದೆ. ನನ್ನದೇ ಮಾತು ಜನರಿಗೆ ಮೊದಲು ಕೇಳುತ್ತಿತ್ತು, ಭೀಮಶಿಯದು ಆಮೇಲೆ. "ಏ, ರಾಜಾ ಎರಡ ಮಂದಿ ಅದಾರೋ!" ಎಂದು ಯಾರೋ ಕೂಗಿದರು. ಬಯಲೆಲ್ಲ ನಕ್ಕಿತು. ದನಿ ತಗ್ಗಿಸಿದೆ, ಇನ್ನೂ ತಗ್ಗಿಸಿದೆ. ತಗ್ಗಿಸಿದರೆ ಭೀಮಶಿಗೆ ಕೇಳದು. ಅವನ ತುಟಿ ನೋಡಬೇಕು, ಉಸಿರು ಎಲ್ಲಿ ಸಣ್ಣದಾಗುತ್ತದೆ ನೋಡಬೇಕು, ಆಗ ಕೊಡಬೇಕು. ರಂಗದ ಮೇಲಿನಿಂದ ಇದೆಲ್ಲ ಕಂಡಿರಲಿಲ್ಲ. ನಿಂತು ನಿಂತು ಮಂಡಿ ಹಿಡಿದುಕೊಂಡಿತು. ಸೊಳ್ಳೆ ಹೊಡೆಯುವಂತೆಯೂ ಇಲ್ಲ, ಸದ್ದಾಗುತ್ತದೆ.

ಕೊನೆಯ ಅಂಕದಲ್ಲಿ ಕತ್ತಲೆಯ ಮಾತು ಬಂತು. ಭೀಮಶಿ ನಿಂತ. "ಕತ್ತಲೆ," ಎಂದೆ. ಹಿಡಿದ. ಯಾರೂ ನಗಲಿಲ್ಲ.

ಜೂನ್ ೧೦, ಸೋಮವಾರ

ತಂಗೆವ್ವ ಕೇಳಿದಳು: "ಏನ್ರಿ, ರಾಮಣ್ಣಾರು ಊರಾಗ ಇಲ್ಲೇನು, ದನಿ ಕೇಳವಲ್ದು ಅಂತ ಮಗ್ಗಲ ಮನಿ ಶೆಟ್ಟೆವ್ವ ಕೇಳಾಕತ್ತಿದ್ಲು." ನೆಗಡಿ ಇರಬೇಕು ಎಂದೆ.

ಮಧ್ಯಾಹ್ನ ದಿಲಶಾದಬಿ ಹಿತ್ತಲ ಬಾಗಿಲಿಗೆ ಬಂದಳು. ಕೂತುಕೊಳ್ಳಲಿಲ್ಲ. ಮೀರಾ ಈಗ ಜ್ವರದಿಂದ ಎದ್ದಿದ್ದಾನೆ, ಆದರೆ ಮನೆಯವರ ಗುರುತೇ ಹತ್ತುವುದಿಲ್ಲವಂತೆ. ರಾಮದುರ್ಗದಿಂದ ಅವನ ತಮ್ಮ ನೋಡಲು ಬಂದರೆ, ಕಳ್ಳ ಎಂದು ಬಡಿಗೆ ಎತ್ತಿದನಂತೆ. ಆಮೇಲೆ ಮೂಲೆಯಲ್ಲಿ ಕೂತು ಅತ್ತನಂತೆ.

"ಮುಂದಿನ ಸೋಮವಾರ ಬಕ್ರೀದ್ ಐತ್ರಿ ಅಣ್ಣಾರ. ಮುಂಜಾನಿಂದ ಸಂಜೀತನಾ ಮಂದಿ ಬರ್ತಾರ. ಎಲ್ಲಾರ ಮುಂದ ಹಿಂಗಾದ್ರ ಅಬ್ಬಾನ ಮರ್ಯಾದಿ ಹೊಕ್ಕೈತಿ, ಒಳಗಿನ ಕ್ವಾಣ್ಯಾಗ ಕುಂದ್ರಿಸಿ ಚಿಲಕ ಹಾಕ್ತೇನಿ ಅಂತಾನ್ರಿ ಮುಜಫ್ಫರ. ಹಬ್ಬದ ದಿನಾ. ಚಿಲಕ." ಸೆರಗು ಬಾಯಿಗೆ ಒತ್ತಿಕೊಂಡಳು.

ಸಂಜೆ ಮುಜಫ್ಫರನ ಗಾಡಿ ನಿಲ್ಲುವಲ್ಲಿಗೆ ಹೋದೆ. ಅವನು ಟಾಯರಿಗೆ ಗಾಳಿ ಹಾಕುತ್ತಿದ್ದ. ಮುಗಿಯುವವರೆಗೆ ನಿಂತೆ.

"ಚಿಲಕ ಹಾಕಬ್ಯಾಡಪಾ," ಎಂದೆ. "ನಾ ಪರದೆ ಹಿಂದ ನಿಂದರ್ತೇನಿ. ಅವನ ಎಡಕ್ಕ. ಬಂದವ್ರ ಹೆಸರು ಕೊಡ್ತೇನಿ."

"ನಿಮ್ಮ ದನಿ ಮುರಗೋಡಕ್ಕ ಕೇಳ್ತೈತಿ ಕಾಕಾ."

"ಈಗ ಕೇಳಿಸ್ತೇನು?"

ಅವನು ತಲೆಯೆತ್ತಿ ನೋಡಿದ. "ಏನಂದ್ರಿ?" ಎಂದು ಹತ್ತಿರ ಬಂದ.

ಜೂನ್ ೧೭, ಸೋಮವಾರ. ಬಕ್ರೀದ್

ನಮಾಜು ಮುಗಿಯುವ ಹೊತ್ತಿಗೆ ಹಿತ್ತಲಿನಿಂದ ಒಳಗೆ ಹೋದೆ. ಪಡಸಾಲೆಯಲ್ಲಿ ಮೀರಾನನ್ನು ಬಿಳಿ ಬಟ್ಟೆ ಉಡಿಸಿ ಕುರ್ಚಿಯ ಮೇಲೆ ಕೂಡಿಸಿದ್ದರು, ನಡುಮನೆಯ ಹಸಿರು ಪರದೆಗೆ ಬೆನ್ನಾಗಿ. ದಿಲಶಾದಬಿ ಗೂಟದ ಮೇಲಿನ ಕರಿ ಶಾಲು ತೆಗೆದು ನನ್ನ ಕೈಗಿಟ್ಟಳು. ಹೊದ್ದುಕೊಂಡೆ. ಅವನ ಎಡಕಿವಿಯ ಹತ್ತಿರ ಪರದೆಯ ಹಿಂದೆ ನಿಂತೆ.

ಮೊದಲು ಮುರಗೋಡದ ಮುತ್ತಪ್ಪ ಬಂದ. ಮೀರಾನ ಬೆನ್ನು ಬಿಗಿಯಿತು, ಕೈ ಕುರ್ಚಿಯ ತೋಳನ್ನು ಹಿಡಿಯಿತು. "ಮುತ್ತಪ್ಪ," ಎಂದೆ.

"ಬಾ ಮುತ್ತಪ್ಪ," ಅಂದ ಮೀರಾ. ಕೈ ಸಡಿಲಾಯಿತು. "ಎತ್ತ ಹೆಂಗದಾವು?"

ಎತ್ತನ್ನು ನಾನು ಕೊಟ್ಟಿರಲಿಲ್ಲ.

ಹೀಗೆ ಬಂದರು, ಹೋದರು. ಮೀರಾನ ಬೀಗರ ಹೆಸರು ನನಗೂ ಗೊತ್ತಿರಲಿಲ್ಲ. ದಿಲಶಾದಬಿ ಒಲೆಯ ಹತ್ತಿರದಿಂದ ಬಂದು ನನಗೆ ಹೇಳುತ್ತಿದ್ದಳು, ನಾನು ಅವನಿಗೆ. ಅವನ ತಮ್ಮ ಬಾಗಿಲಲ್ಲೇ ಹಿಂಜರಿದು ನಿಂತ. ಹೆಸರು ಕೊಟ್ಟೆ. ಮೀರಾ ಎರಡೂ ತೋಳು ಚಾಚಿದ. ಅಪ್ಪಿಕೊಂಡು ಕೂತರು. ಆ ತಮ್ಮ ಹೊರಗೆ ಹೋಗುವಾಗ ಕಣ್ಣೊರೆಸಿಕೊಂಡು, "ಆರಾಮ ಅದಾನಲ್ಲೋ ನಿಮ್ಮಪ್ಪ!" ಅಂದದ್ದು ಕೇಳಿಸಿತು. ಆಮೇಲೆ ಪರದೆಯ ಸಂದಿಯಿಂದ ನೀರಿನ ಚೊಂಬು ಒಳಗೆ ಬಂತು. ಮುಜಫ್ಫರನ ಕೈ.

ಎರಡು ಕಡೆ ತಪ್ಪಿದೆ. ಒಬ್ಬನಿಗೆ ಅವನ ಅಣ್ಣನ ಹೆಸರು ಕೊಟ್ಟೆ. ಬಂದವನು ನಕ್ಕು ಬಿಟ್ಟ.

ಮಧ್ಯಾಹ್ನ ಜನ ಕಡಿಮೆಯಾದರು. ದಿಲಶಾದಬಿ ತಾಟಿನಲ್ಲಿ ಊಟ ತಂದು ಅವನ ಮುಂದೆ ಹಿಡಿದು ನಿಂತಳು. ಮೀರಾ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಅವಳು ತಲೆ ತಗ್ಗಿಸಿದಳು. ಆಗ ಅವನು ಮೆಲ್ಲಗೆ ಎಡಕ್ಕೆ ತಿರುಗಿದ, ಪರದೆಯ ಕಡೆಗೆ. ಆ ತಿರುಗುವುದು ನನಗೆ ಗೊತ್ತು.

"ದಿಲಶಾದ," ಎಂದೆ.

"ದಿಲಶಾದ," ಅಂದ. ಮಾತು ನಿಂತಿತು. ನಾನು ಇನ್ನೇನೂ ಕೊಡಲಿಲ್ಲ. ಕೊಡಲು ನನ್ನಲ್ಲಿ ಇರಲೂ ಇಲ್ಲ.

"ನೀ ಉಂಡಿ ಏನ?" ಅಂದ.

ಅವಳು ತಾಟನ್ನು ಕೆಳಗಿಟ್ಟು ಅವನ ಕಾಲ ಹತ್ತಿರ ಕೂತಳು.

ಜೂನ್ ೨೦, ಗುರುವಾರ

ಬ್ಯಾಡ ಎಂದು ಮುಜಫ್ಫರ ಈಗ ಹೇಳುವುದಿಲ್ಲ. ಸಂಜೆ ಕಟ್ಟೆಗೆ ಹೋದೆ. ಮಳೆ ಬಂದು ನಿಂತಿತ್ತು. ಐಸ್‌ಕ್ಯಾಂಡಿಯವನು ಇನ್ನು ಬರುವುದಿಲ್ಲ. ಮೀರಾ ನನ್ನನ್ನು ನೋಡುತ್ತ ಕೂತಿದ್ದ.

"ನೀವ್ ಯಾರ್ರಿ?" ಅಂದ.

ಪರದೆಯ ಸಂದಿಯಲ್ಲಿ ದಿಲಶಾದಬಿ ನನ್ನ ಹೆಸರು ಹೇಳಲು ಬಾಯಿ ತೆರೆದದ್ದು ಕಂಡಿತು. ಬೇಡ ಎಂದು ಕೈ ಮಾಡಿದೆ.

"ಪ್ರಾಂಪ್ಟರ್ ಅದೇನ್ರಿ," ಎಂದೆ.

ಅವನ ಮುಖ ಅರಳಿತು. ಸರಿದು ಜಾಗ ಮಾಡಿದ. ನನ್ನ ತೋಳು ಹಿಡಿದು ತನ್ನ ಎಡಗಡೆ ಕೂಡಿಸಿಕೊಂಡ. ಹೆಗಲ ಮೇಲಿದ್ದ ಶಾಲು ತೆಗೆದು ನನ್ನ ತಲೆಯ ಮೇಲೆ ಎಳೆದ.

"ಹೊಸಬ್ರೇನ್ರಿ? ಮೈಮ್ಯಾಲ ಬೆಳಕ ಬೀಳಾಕ ಬಿಡಬ್ಯಾಡ್ರಿ. ಮೊದಲ ಶಬ್ದ ಅಷ್ಟ ಕೊಡ್ರಿ. ಕೊಟ್ಟ ಮ್ಯಾಲ ಸುಮ್ಮನಿರಬೇಕು. ಅದ ಕಠಿಣ."

ಸುಮ್ಮನಿದ್ದೆ.